ಗಣಿಯ ಸೂರಾಗಿ ನಿಂತ ಮರಳುಗಲ್ಲು

ಮನೆಯ ಮಾಳಿಗೆಗೆ ಹೊದಿಸಿದ ಕಲ್ಲು ಗಟ್ಟಿಯಾಗಿದ್ದಷ್ಟೂ ಒಳಗೆ ಮಲಗಿದವರಿಗೆ ನೆಮ್ಮದಿ. ಭೂಮಿಯ ಒಡಲಿನಲ್ಲಿ ನೂರಾರು ಮೀಟರುಗಳ ಆಳದಲ್ಲಿ ಕಲ್ಲಿದ್ದಲನ್ನು ಕಡಿಯುತ್ತಿರುವವರ ತಲೆಯ ಮೇಲಣ ಕಲ್ಲಿಗೂ ಇದೇ ನ್ಯಾಯ ಸಲ್ಲಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಅನುಭವಸ್ಥರಾದ ಗಣಿ ಎಂಜಿನಿಯರೊಬ್ಬರನ್ನು ಈ ಮಾತು ಕೇಳಿದರೆ ಅವರು ಅರ್ಧವನ್ನು ಮಾತ್ರ ಒಪ್ಪುತ್ತಾರೆ. ಗಣಿಯೊಳಗೆ ದಾರಿ ಕೊರೆಯುವಾಗ ಮೇಲಿನ ಕಲ್ಲು ಗಟ್ಟಿಯಾಗಿರಬೇಕು, ನಿಜ. ಕಲ್ಲಿದ್ದಲನ್ನೆಲ್ಲ ತೆಗೆದು ಆ ಜಾಗವನ್ನು ಬಿಟ್ಟು ಹಿಂದಕ್ಕೆ ಸರಿಯುವಾಗಲಾದರೋ ಅದೇ ಕಲ್ಲು ತಡಮಾಡದೆ ಕುಸಿದು ಬೀಳಬೇಕು. ಬೀಳಬೇಕಾದ ಹೊತ್ತಿನಲ್ಲಿ ಬೀಳದೆ ನಿಂತಿರುವ ಸೂರಿಗೆ ಅವರು ಅಂಜುವಷ್ಟು ಬೇರೆ ಯಾವುದಕ್ಕೂ ಅಂಜುವುದಿಲ್ಲ. ಭಾರತದ ಕಲ್ಲಿದ್ದಲ ಗಣಿಗಳಲ್ಲಿ ಹೀಗೆ ಹಟ ಹಿಡಿದು ನಿಲ್ಲುವ ಕಲ್ಲು ಬಹುಮಟ್ಟಿಗೆ ಮರಳುಗಲ್ಲು. ನೆಲದೊಳಗಿನ ಕಲ್ಲಿದ್ದಲ ಗಣಿಗಳಲ್ಲಿ ಸೂರು ಕುಸಿದು ಸತ್ತವರ ಸಂಖ್ಯೆ ಬಹುಕಾಲದಿಂದಲೂ ದೊಡ್ಡದಾಗಿರುವುದರಿಂದ, ಈ ಕಲ್ಲಿನ ಗುಣಸ್ವಭಾವಗಳನ್ನು ಅರಿಯುವುದು ಕೇವಲ ಪಂಡಿತರ ಕುತೂಹಲದ ವಿಷಯವಲ್ಲ.

ಮರಳುಗಲ್ಲು ಎಂದರೇನು? ಹೆಸರೇ ಹೇಳುವಂತೆ, ಹಿಂದೊಮ್ಮೆ ನದಿಯ ಪಾತ್ರದಲ್ಲೋ ಕಡಲ ತಡಿಯಲ್ಲೋ ಮರುಭೂಮಿಯಲ್ಲೋ ಬಿದ್ದಿದ್ದ ಮರಳು ಕಾಲಾಂತರದಲ್ಲಿ ಹೂತುಹೋಗಿ, ಒತ್ತಡಕ್ಕೆ ಸಿಕ್ಕಿ, ಕಣಕ್ಕೆ ಕಣ ಬೆಸೆದುಕೊಂಡು ಆದ ಶಿಲೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಮರಳೆಂದರೆ ಒಂದು ಮಿಲಿಮೀಟರಿನ ಹದಿನಾರನೆಯ ಒಂದು ಭಾಗದಿಂದ 2 ಮಿಲಿಮೀಟರುಗಳವರೆಗಿನ ಕಣ. ಈ ಕಣಗಳಲ್ಲಿ ಹೆಚ್ಚಿನವು ಬೆಣಚುಕಲ್ಲಿನವು. ಜೊತೆಗೆ ಫೆಲ್ಡ್‌ಸ್ಪಾರ್ ಎಂಬ ಖನಿಜ, ಒಂದಿಷ್ಟು ಅಭ್ರಕ. ಕಣಗಳ ನಡುವಣ ಸಂದುಗಳಲ್ಲಿ ನೆಲಜಲ ತಂದು ಸುರಿದ ಬೆಸುಗೆಯ ದ್ರವ್ಯವಿರುತ್ತದೆ. ಈ ಬೆಸುಗೆ ಸಿಲಿಕವಾಗಿರಬಹುದು, ಸುಣ್ಣದ ಕಾರ್ಬೊನೇಟಾಗಿರಬಹುದು, ಕಬ್ಬಿಣದ ಆಕ್ಸೈಡಾಗಿರಬಹುದು, ಇಲ್ಲವೇ ಬರಿಯ ಜೇಡಿಯಾಗಿರಬಹುದು. ಮರಳುಗಲ್ಲಿನ ಬಲಾಬಲಗಳು ನಿರ್ಣಯವಾಗುವುದು ಬಹುತೇಕ ಇಲ್ಲಿಯೇ. ಬೆಣಚಿನ ಕಣ ಎಲ್ಲ ಮರಳುಗಲ್ಲುಗಳಲ್ಲೂ ಒಂದೇ. ಅದನ್ನು ಹಿಡಿದಿಟ್ಟ ಅಂಟು ಮಾತ್ರ ಬೇರೆ ಬೇರೆ. ಆದಕಾರಣವೇ ಕೈಯಲ್ಲಿ ಹಿಸುಕಿದರೆ ಉದುರುವ ಮರಳುಗಲ್ಲೂ ಉಂಟು, ಸುತ್ತಿಗೆಯ ಪೆಟ್ಟಿಗೆ ಕಿಡಿ ಹಾರಿಸುವ ಮರಳುಗಲ್ಲೂ ಉಂಟು.

ನಮ್ಮ ದೇಶದ ಕಲ್ಲಿದ್ದಲಿನ ಬಹುಭಾಗ ಗೊಂಡ್ವಾನ ಎಂಬ ಶಿಲಾಸಮೂಹದಲ್ಲಿ ದೊರೆಯುತ್ತದೆ. ದಾಮೋದರ, ಮಹಾನದಿ, ಸೋನ್, ಗೋದಾವರಿ ಕಣಿವೆಗಳ ಕೆಳಗೆ ನೆಲ ಮೆಲ್ಲಮೆಲ್ಲನೆ ತಗ್ಗಿ ಉಂಟಾದ ಉದ್ದನೆಯ ತೊಟ್ಟಿಗಳಲ್ಲಿ, ಸುಮಾರು 27 ಕೋಟಿ ವರ್ಷಗಳ ಹಿಂದೆ, ನದಿಗಳು ಮರಳನ್ನು ಹರಡಿದವು. ನಡುನಡುವೆ ಜೌಗುಗಳಲ್ಲಿ ಬೆಳೆದ ಕಾಡು ಕೊಳೆತು ಕಲ್ಲಿದ್ದಲಾಯಿತು. ಜಾರ್ಖಂಡ ಮತ್ತು ಪಶ್ಚಿಮ ಬಂಗಾಳಗಳ ಗಡಿಯಲ್ಲಿ ಹರಿಯುವ ಬರಾಕರ್ ನದಿಯ ಹೆಸರನ್ನು ಹೊತ್ತ ಬರಾಕರ್ ಸ್ತರಗಳು ಇವುಗಳಲ್ಲಿ ಅತ್ಯಂತ ಮುಖ್ಯವಾದವು. ಝರಿಯಾದಲ್ಲಾಗಲಿ, 1871ರಲ್ಲಿ ವಿಲಿಯಂ ಕಿಂಗ್ ಕಲ್ಲಿದ್ದಲನ್ನು ಗುರುತಿಸಿದ ತೆಲಂಗಾಣದ ಸಿಂಗರೇಣಿಯಲ್ಲಾಗಲಿ, ಕಲ್ಲಿದ್ದಲ ಪದರದ ಮೇಲೂ ಕೆಳಗೂ ಕಾಣುವ ಬಿಳಿಯ ಅಥವಾ ಬೂದುಬಣ್ಣದ ಒರಟು ಕಲ್ಲು ಬರಾಕರ್ ಮರಳುಗಲ್ಲು. ಇದರಲ್ಲಿ ಫೆಲ್ಡ್‌ಸ್ಪಾರ್ ಬಹಳ. ಫೆಲ್ಡ್‌ಸ್ಪಾರ್ ಕೊಳೆತರೆ ಬಿಳಿಯ ಜೇಡಿಯಾಗುತ್ತದೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನೀರಿನ ಮಾತು ಬಂದಾಗ ಅದು ಉಪಯೋಗಕ್ಕೆ ಬರುತ್ತದೆ.

ಇನ್ನು ಬಲದ ವಿಚಾರ. ಕಲ್ಲಿನ ಬಲ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ವಾಸ್ತವವಾಗಿ ಅದು ಒಂದಲ್ಲ. ಭೂಮಿಯಿಂದ ಕೊರೆದು ತೆಗೆದ ಸಿಲಿಂಡರಿನಾಕಾರದ ತುಂಡನ್ನು, ಅದರ ಎತ್ತರ ವ್ಯಾಸದ ಎರಡೂವರೆ ಪಟ್ಟಿರುವಂತೆ ಕತ್ತರಿಸಿ, ತುದಿಗಳನ್ನು ನಯಮಾಡಿ ಯಂತ್ರದಲ್ಲಿಟ್ಟು ಒತ್ತಿದರೆ, ಅದು ಒಡೆಯುವ ಹೊತ್ತಿಗೆ ಪ್ರತಿ ಚದರಳತೆಗೆ ಎಷ್ಟು ಭಾರ ಹೊತ್ತಿತ್ತೆಂಬುದು ತಿಳಿಯುತ್ತದೆ. ಇದು ಸಂಪೀಡನ ಬಲ. ಇದನ್ನು ಮೆಗಾಪಾಸ್ಕಲ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಮೆಗಾಪಾಸ್ಕಲ್ ಎಂದರೆ ಚದರ ಸೆಂಟಿಮೀಟರಿಗೆ ಹತ್ತು ಕಿಲೋಗ್ರಾಂ ಭಾರ ಎಂದು ಸ್ಥೂಲವಾಗಿ ತಿಳಿಯಬಹುದು. ಮನೆಗಳಿಗೆ ಬಳಸುವ ಸಾಧಾರಣ ಕಾಂಕ್ರೀಟಿನ ಸಂಪೀಡನ ಬಲ 20 ರಿಂದ 25 ಮೆಗಾಪಾಸ್ಕಲ್. ಜೇಡಿಯ ಬೆಸುಗೆಯ ಮರಳುಗಲ್ಲು 10ಕ್ಕಿಂತ ಕಡಿಮೆ ಇರಬಹುದು. ಸಿಲಿಕದ ಬೆಸುಗೆಯದು 150ನ್ನೂ ಮೀರಬಹುದು. ಒಂದೇ ಹೆಸರಿನ ಕಲ್ಲಿನಲ್ಲಿ ಇಷ್ಟು ಅಂತರ ಕಾಣುವುದು ವಿರಳ.

ಆದರೆ ಅದೇ ತುಂಡನ್ನು ಒತ್ತುವ ಬದಲು ಎರಡು ಕಡೆಗೂ ಹಿಡಿದೆಳೆದರೆ? ಒತ್ತಡವನ್ನು ತಡೆದ ಬಲದ ಹತ್ತನೆಯ ಒಂದು ಪಾಲಿಗೋ ಇಪ್ಪತ್ತನೆಯ ಒಂದು ಪಾಲಿಗೋ ಅದು ತುಂಡಾಗುತ್ತದೆ. ಕಾರಣವನ್ನು ಮೊದಲು ಗಾಜಿನ ವಿಷಯದಲ್ಲಿ ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರು 1921ರಲ್ಲಿ ತಿಳಿಸಿದರು. ಯಾವ ಘನವಸ್ತುವಿನಲ್ಲಿಯೂ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಒತ್ತಿದಾಗ ಆ ಬಿರುಕುಗಳ ಬಾಯಿ ಮುಚ್ಚುತ್ತದೆ, ಎಳೆದಾಗ ತೆರೆಯುತ್ತದೆ. ತೆರೆದ ಬಿರುಕಿನ ತುದಿಯಲ್ಲಿ ಎಳೆತವೆಲ್ಲ ಸಾಂದ್ರವಾಗಿ ಬಿರುಕು ಮುಂದಕ್ಕೆ ಹರಿಯುತ್ತದೆ. ಕಣಕಣಗಳ ನಡುವೆ ಸಂದುಗಳೇ ತುಂಬಿರುವ ಮರಳುಗಲ್ಲಿನಲ್ಲಿ ಇಂತಹ ಬಿರುಕುಗಳಿಗೆ ಬರವಿಲ್ಲವಷ್ಟೆ. ಕಲ್ಲನ್ನು ಹಿಡಿದೆಳೆಯುವುದು ಪ್ರಯೋಗಶಾಲೆಯಲ್ಲಿ ಬಹು ಕಷ್ಟದ ಕೆಲಸ. ಅದಕ್ಕೊಂದು ಜಾಣ ಉಪಾಯವನ್ನು 1943ರಲ್ಲಿ ಬ್ರೆಜಿಲ್ ದೇಶದ ಕಾರ್ನೇರೊ ಎಂಬವರು ಕಾಂಕ್ರೀಟಿಗಾಗಿ ಕಂಡುಹಿಡಿದರು. ದುಂಡನೆಯ ಬಿಲ್ಲೆಯನ್ನು ಗಾಲಿಯಂತೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಅದು ಅಡ್ಡಕ್ಕೆ ಹಿಗ್ಗಲೆಳಸಿ, ನಟ್ಟನಡುವೆ ನೆಟ್ಟಗೆ ಸೀಳುತ್ತದೆ. ಒತ್ತಿದ್ದು ನಾವು, ಸೀಳಿದ್ದು ಎಳೆತ. ಇಂದಿಗೂ ಇದನ್ನು ಬ್ರೆಜಿಲ್ ಪರೀಕ್ಷೆಯೆಂದೇ ಕರೆಯುತ್ತಾರೆ. ಎಳೆತಕ್ಕೆ ಕಲ್ಲು ಬಡವ ಎಂಬ ಈ ಒಂದು ಸಂಗತಿಯೇ ಗಣಿಯ ಸೂರಿನ ಕಥೆಯ ಬೀಜ.

ಮೂರನೆಯ ಸಂಗತಿಯೊಂದುಂಟು. ಸುತ್ತಲೂ ಬಿಗಿಹಿಡಿದ ಕಲ್ಲು ಬಿಡಿಯಾಗಿ ನಿಂತ ಕಲ್ಲಿಗಿಂತ ಬಹಳ ಗಟ್ಟಿ. 1911ರಲ್ಲಿ ಜರ್ಮನಿಯಲ್ಲಿ ಕಾರ್ಮನ್ ಎಂಬ ತರುಣ ವಿಜ್ಞಾನಿ ಅಮೃತಶಿಲೆಯನ್ನೂ ಮರಳುಗಲ್ಲನ್ನೂ ಸುತ್ತಲಿಂದ ದ್ರವದ ಒತ್ತಡಕ್ಕೆ ಒಳಪಡಿಸಿ ಮೇಲಿನಿಂದ ಒತ್ತಿ, ಸುತ್ತಣ ಒತ್ತಡ ಏರಿದಂತೆಲ್ಲ ಕಲ್ಲಿನ ಬಲವೂ ಏರುವುದನ್ನು ತೋರಿಸಿದರು. (ವಿಮಾನಶಾಸ್ತ್ರದಲ್ಲಿ ಮುಂದೆ ಜಗತ್ಪ್ರಸಿದ್ಧರಾದ ಥಿಯೊಡೋರ್ ಫಾನ್ ಕಾರ್ಮನ್ ಇವರೇ.) ಭೂಮಿಯೊಳಗೆ ಕಲ್ಲು ಎಲ್ಲ ಕಡೆಯಿಂದಲೂ ನೆರೆಯ ಕಲ್ಲಿನ ಬಿಗಿತದಲ್ಲಿರುತ್ತದೆ. ಅಲ್ಲೊಂದು ಸುರಂಗ ಕೊರೆದೊಡನೆ ಸುರಂಗದ ಅಂಚಿನ ಕಲ್ಲಿಗೆ ಒಂದು ಪಕ್ಕದ ಬಿಗಿತ ತಪ್ಪಿಹೋಗುತ್ತದೆ. ಕಲ್ಲನ್ನು ನಾವು ಮುಟ್ಟದೆಯೇ, ಅದರ ಪಕ್ಕದ ನೆರೆಯನ್ನು ತೆಗೆದ ಮಾತ್ರದಿಂದಲೇ ಅದು ದುರ್ಬಲವಾಗುತ್ತದೆಂಬುದು ಸೋಜಿಗವಾದರೂ ಸತ್ಯ.

ನೀರಿನ ಮಾತು. ಒಣಗಿದ ಮರಳುಗಲ್ಲಿನ ಬಲಕ್ಕೂ ನೀರು ಕುಡಿದ ಮರಳುಗಲ್ಲಿನ ಬಲಕ್ಕೂ ವ್ಯತ್ಯಾಸವಿದೆ. ಶುದ್ಧ ಬೆಣಚಿನ, ಸಿಲಿಕದ ಬೆಸುಗೆಯ ಕಲ್ಲಿನಲ್ಲಿ ಈ ನಷ್ಟ ಅಲ್ಪ. ಜೇಡಿ ಹೆಚ್ಚಾಗಿರುವ ಕಲ್ಲಿನಲ್ಲಾದರೆ ಅರ್ಧಕ್ಕೂ ಮೀರಬಹುದು. ಹಿಂದೆ ಹೇಳಿದ ಫೆಲ್ಡ್‌ಸ್ಪಾರು ಕೊಳೆತು ಜೇಡಿಯಾಗಿರುವ ಕಡೆ ಮರಳುಗಲ್ಲಿನ ಸೂರು ಮಳೆಗಾಲದ ತೇವದ ಗಾಳಿಗೇ ಚೂರುಚೂರಾಗಿ ಉದುರತೊಡಗುವುದುಂಟು. ಗೋದಾವರಿ ಕಣಿವೆಯಲ್ಲಿ ಬರಾಕರ್ ಸ್ತರಗಳ ಮೇಲಿರುವ ಕಾಮ್ಟಿ ಮರಳುಗಲ್ಲು ಹೇರಳವಾಗಿ ನೀರನ್ನು ಹಿಡಿದುಕೊಂಡಿರುತ್ತದೆ. ಕೆಳಗೆ ಗಣಿ ತೋಡಿ ಮೇಲಿನ ಸ್ತರಗಳು ಬಿರಿದಾಗ ಆ ನೀರು ದಾರಿ ಹುಡುಕಿ ಇಳಿದುಬರುತ್ತದೆ.

ಇಷ್ಟನ್ನೆಲ್ಲ ಪ್ರಯೋಗಶಾಲೆಯಲ್ಲಿ ಅಳೆದರೂ ಗಣಿಯ ಸೂರಿನ ಬಗೆಗೆ ತೀರ್ಪು ಕೊಡಲು ಅದು ಸಾಲದು. ಐದು ಸೆಂಟಿಮೀಟರ್ ವ್ಯಾಸದ ತುಂಡಿನಲ್ಲಿ ದೊಡ್ಡ ಬಿರುಕು ಇರುವುದಿಲ್ಲ. ಇದ್ದಿದ್ದರೆ ಆ ತುಂಡು ಯಂತ್ರದವರೆಗೆ ಬರುತ್ತಲೇ ಇರಲಿಲ್ಲ! ಸೂರಿನಲ್ಲಾದರೋ ಮರಳು ಬಿದ್ದ ಕಾಲದ ಪದರಗಳು, ಪದರಗಳ ನಡುವೆ ಅಭ್ರಕದ ಇಲ್ಲವೇ ಇದ್ದಿಲಿನ ತೆಳುವಾದ ಲೇಪ, ಭೂಚಲನೆಯಿಂದಾದ ಸೀಳುಗಳು, ಜಾರುಮೈಗಳು ಎಲ್ಲವೂ ಇರುತ್ತವೆ. ಲೇಪವಿರುವ ಕಡೆ ಪದರಗಳು ಇಸ್ಪೀಟಿನ ಎಲೆಗಳಂತೆ ಬಿಡಿಬಿಡಿಯಾಗಿ ಕಳಚುತ್ತವೆ. ಧನಬಾದಿನ ಕೇಂದ್ರ ಗಣಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಭಾರತದ ಕಲ್ಲಿದ್ದಲ ಗಣಿಗಳ ಸೂರುಗಳಿಗೆ ನೂರು ಅಂಕಗಳ ಪರೀಕ್ಷೆಯೊಂದನ್ನು ರೂಪಿಸಿದರು. ಅದರಲ್ಲಿ ಪದರದ ದಪ್ಪಕ್ಕೆ 30 ಅಂಕ, ಸೀಳು ಮುಂತಾದ ರಚನಾದೋಷಗಳಿಗೆ 25, ತೇವಕ್ಕೆ ಕರಗುವ ಗುಣಕ್ಕೆ 20, ಕಲ್ಲಿನ ಬಲಕ್ಕೆ 15, ನೆಲಜಲಕ್ಕೆ 10. ಪ್ರಯೋಗಶಾಲೆಯಲ್ಲಿ ಇಷ್ಟು ಶ್ರಮಪಟ್ಟು ಅಳೆದ ಬಲಕ್ಕೆ ನೂರರಲ್ಲಿ ಹದಿನೈದೇ ಅಂಕ ಎಂಬುದನ್ನು ಗಮನಿಸಬೇಕು. ಪರೀಕ್ಷಕರು ಜಿಪುಣರಲ್ಲ, ಗಣಿ ಕಲಿಸಿದ ಪಾಠ ಅದು.

ಯಂತ್ರವಿಲ್ಲದ ಕಾಲದಿಂದಲೂ ಗಣಿಕಾರರಿಗೆ ತಮ್ಮದೇ ಒಂದು ಪರೀಕ್ಷೆ ಗೊತ್ತು. ಕಬ್ಬಿಣದ ಸಲಾಕೆಯಿಂದ ಸೂರನ್ನು ತಟ್ಟುವುದು. ಗಂಟೆ ಬಾರಿಸಿದಂತೆ ಟಣ್ ಎಂದರೆ ಪದರ ಮೇಲಿನದಕ್ಕೆ ಅಂಟಿಕೊಂಡಿದೆ. ತಮಟೆಯಂತೆ ಡಬ್ ಎಂದರೆ ಕಳಚಿಕೊಂಡಿದೆ. ತಟ್ಟುವಾಗ ಇನ್ನೊಂದು ಕೈಯ ಬೆರಳುಗಳನ್ನು ಕಲ್ಲಿಗೆ ಒತ್ತಿ ಅದರ ನಡುಕವನ್ನು ಪರೀಕ್ಷಿಸುವುದೂ ಉಂಟು. ಇಂದಿಗೂ ಈ ಪರೀಕ್ಷೆ ಬಳಕೆಯಲ್ಲಿದೆ. ಆದರೆ ಸೂರಿನ ಮೊದಲ ಅರ್ಧ ಮೀಟರಿನಾಚೆಗೆ ಏನಿದೆಯೆಂಬುದನ್ನು ಸಲಾಕೆ ಹೇಳಲಾರದು.

ಈಗ ಗಣಿಯ ಒಳಕ್ಕೆ ಇಳಿಯೋಣ. ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ ಕಂಬಗಳನ್ನು ಬಿಟ್ಟು ಅಗೆಯುವುದು. ಕಲ್ಲಿದ್ದಲ ಪದರದಲ್ಲಿ ಊರಿನ ಬೀದಿಗಳಂತೆ ಉದ್ದಕ್ಕೂ ಅಡ್ಡಕ್ಕೂ ದಾರಿಗಳನ್ನು ಕೊರೆದರೆ, ನಡುವೆ ಮನೆಗಳ ಸಾಲಿನಂತೆ ಕಲ್ಲಿದ್ದಲಿನ ಚೌಕನಾದ ಕಂಬಗಳು ಉಳಿಯುತ್ತವೆ. 1957ರ ಕಲ್ಲಿದ್ದಲ ಗಣಿ ನಿಯಮಾವಳಿ ಈ ದಾರಿಗಳ ಅಗಲ 4.8 ಮೀಟರನ್ನೂ ಎತ್ತರ 3 ಮೀಟರನ್ನೂ ಮೀರಬಾರದೆಂದು ವಿಧಿಸಿತು. ಅಷ್ಟು ಅಗಲದ ದಾರಿಗಳಿಗೆ 60 ಮೀಟರ್ ಆಳದವರೆಗೆ ಕಂಬದ ನಡುವಿನಿಂದ ಕಂಬದ ನಡುವಿಗೆ 19.5 ಮೀಟರ್ ಅಂತರವಿದ್ದರೆ ಸಾಕು. 360 ಮೀಟರ್ ಆಳವನ್ನು ದಾಟಿದರೆ 48 ಮೀಟರ್ ಇರಬೇಕು. ಕಾರಣವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಮರಳುಗಲ್ಲಿನ ಒಂದು ಘನಮೀಟರಿನ ತೂಕ ಸುಮಾರು ಎರಡೂವರೆ ಟನ್. ಆದುದರಿಂದ 360 ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ 900 ಟನ್, ಎಂದರೆ 9 ಮೆಗಾಪಾಸ್ಕಲ್ ಭಾರವಿರುತ್ತದೆ. ದಾರಿಗಳ ಮೇಲಣ ಭಾರವನ್ನೂ ಕಂಬಗಳೇ ಹೊರಬೇಕಾದುದರಿಂದ, 48 ಮೀಟರ್ ಅಂತರದ ಕಂಬಗಳ ಮೇಲೆ ಅದು 11 ಮೆಗಾಪಾಸ್ಕಲ್ ಆಗುತ್ತದೆ.

ಐದು ಮೀಟರ್ ಅಗಲದ ದಾರಿಯ ಮೇಲೆ ಒಳ್ಳೆಯ ಮರಳುಗಲ್ಲು ವರ್ಷಗಟ್ಟಲೆ ನಿಲ್ಲುತ್ತದೆ. ಕನ್ನಡಿಗರು ಇದಕ್ಕೆ ಪುರಾವೆಯನ್ನು ದೂರ ಹುಡುಕಬೇಕಾಗಿಲ್ಲ. ಬಾದಾಮಿಯ ಗುಹಾಲಯಗಳು ಮರಳುಗಲ್ಲಿನಲ್ಲಿ ಕೊರೆದವು. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ. ಶ. 578. ಆ ಶಿಲ್ಪಿಗಳು ಸಾಲುಗಂಬಗಳನ್ನು ಒತ್ತೊತ್ತಾಗಿ ಬಿಟ್ಟು ಕೊರೆದರು, ಹದಿನಾಲ್ಕು ಶತಮಾನಗಳಿಂದ ಸೂರು ನಿಂತಿದೆ. ಬಾದಾಮಿಯ ಕಲ್ಲು ಬರಾಕರ್ ಕಲ್ಲಿಗಿಂತ ಬಹಳ ಪುರಾತನವಾದದ್ದು, ಗಟ್ಟಿಯಾದದ್ದು. ಅದರ ಮೇಲಣ ಭಾರವೂ ಅಲ್ಪ. ಆದರೂ ಕಂಬ ಹತ್ತಿರವಿದ್ದರೆ ಮರಳುಗಲ್ಲು ಎಷ್ಟು ತಾಳ್ಮೆಯುಳ್ಳದ್ದೆಂಬುದಕ್ಕೆ ಅದು ಸಾಕ್ಷಿ.

ಶಿಲ್ಪಿಗೆ ಕಂಬವನ್ನು ತೆಗೆಯುವ ಅಗತ್ಯವಿಲ್ಲ. ಗಣಿಗೆ ಅಗತ್ಯವಿದೆ, ಏಕೆಂದರೆ ಕಂಬವೇ ಕಲ್ಲಿದ್ದಲು. ದಾರಿ ಕೊರೆದಾಗ ದೊರೆತದ್ದು ಕಾಲುಭಾಗವಾದರೆ ಕಂಬಗಳಲ್ಲಿ ಉಳಿದದ್ದು ಮುಕ್ಕಾಲು. ಆದುದರಿಂದ ಗಣಿಯ ಕೊನೆಯ ಅಂಚಿನಿಂದ ಆರಂಭಿಸಿ ಒಂದೊಂದೇ ಕಂಬವನ್ನು ಕಡಿದು ತೆಗೆಯುತ್ತ ಹಿಂದಕ್ಕೆ ಬರುತ್ತಾರೆ. ಕಂಬ ಹೋದ ಜಾಗಕ್ಕೆ ಗಣಿಕಾರರ ಮಾತಿನಲ್ಲಿ ಗೋಫ್ ಎಂದು ಹೆಸರು. ಅಲ್ಲಿ ಮೇಲಣ ಸೂರು ಬೀಳಬೇಕು. ಬಿದ್ದ ಕಲ್ಲು ಪುಡಿಯಾಗಿ ಹಿಗ್ಗುತ್ತದೆ. ಒಂದು ಬುಟ್ಟಿ ಕಲ್ಲನ್ನು ಜಜ್ಜಿದರೆ ಒಂದೂಕಾಲು ಬುಟ್ಟಿಗೂ ಹೆಚ್ಚಾಗುವುದನ್ನು ರಸ್ತೆಗೆ ಜಲ್ಲಿ ಹಾಕುವವರೆಲ್ಲ ಬಲ್ಲರು. ಈ ಹಿಗ್ಗುವಿಕೆ 1.3 ಪಟ್ಟೆಂದು ಇಟ್ಟುಕೊಂಡರೆ, 3 ಮೀಟರ್ ಎತ್ತರದ ಖಾಲಿ ಜಾಗ ತುಂಬಲು ಮೇಲಿನ 10 ಮೀಟರ್ ಕಲ್ಲು ಕುಸಿದರೆ ಸಾಕು. ಹತ್ತು ಮೀಟರ್ ಕಲ್ಲು ಹದಿಮೂರಾಗಿ, ಮೇಲಣ ಸ್ತರಗಳಿಗೆ ಹಾಸಿಗೆಯಂತೆ ಆಧಾರವಾಗುತ್ತದೆ. ಸೂರು ತೆಳುವಾದ ಜೇಡಿಶಿಲೆಯದಾಗಿದ್ದರೆ ಇದು ತಾನಾಗಿಯೇ, ಆಗಿಂದಾಗ್ಗೆ, ಸಣ್ಣ ಸಣ್ಣ ಕಂತುಗಳಲ್ಲಿ ನಡೆದುಹೋಗುತ್ತದೆ.

ಮರಳುಗಲ್ಲಿನಲ್ಲಿ ಏಕೆ ಹಾಗಾಗುವುದಿಲ್ಲ? ಸೂರಿನ ಒಂದು ಪದರವನ್ನು ಎರಡು ತುದಿಗಳಲ್ಲೂ ಗೋಡೆಯೊಳಗೆ ನೆಟ್ಟ ಕಲ್ಲಿನ ತೊಲೆಯೆಂದು ಭಾವಿಸೋಣ. ತನ್ನ ತೂಕಕ್ಕೆ ತಾನೇ ಅದು ನಡುವೆ ಜೋಲುತ್ತದೆ. ಜೋತಾಗ ನಡುವಿನ ಕೆಳಮೈ ಹಿಗ್ಗುತ್ತದೆ, ಗೋಡೆಯ ಬಳಿ ಮೇಲ್ಮೈ ಹಿಗ್ಗುತ್ತದೆ. ಹಿಗ್ಗುವುದೆಂದರೆ ಎಳೆತ, ಎಳೆತಕ್ಕೆ ಕಲ್ಲು ಬಡವ ಎಂದು ಆಗಲೇ ನೋಡಿದೆವು. ಎಳೆತ ಅತ್ಯಧಿಕವಾಗಿರುವುದು ಗೋಡೆಯ ಬಳಿ. ಅಲ್ಲಿಯೇ ಮೊದಲು ಬಿರುಕು. ತೊಲೆ ದಪ್ಪವಾದರೆ ಅದರ ತೂಕವೂ ಹೆಚ್ಚುತ್ತದೆ, ನಿಜ. ಆದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದ್ದರಿಂದ ದಪ್ಪ ತೊಲೆಗೇ ಲಾಭ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾದ ಸೂತ್ರದಂತೆ, ಹರವಿನ ವರ್ಗವನ್ನು ಕಲ್ಲಿನ ಏಕಮಾನ ತೂಕದಿಂದ ಗುಣಿಸಿ ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಗೋಡೆಯ ಬಳಿಯ ಎಳೆತ ಸಿಗುತ್ತದೆ. ಕಲ್ಲು ತಾಳಬಲ್ಲ ಎಳೆತ 2 ಮೆಗಾಪಾಸ್ಕಲ್ ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ, ಅರ್ಧ ಮೀಟರ್ ದಪ್ಪದ ಪದರ ಸುಮಾರು 9 ಮೀಟರ್ ಹರವಿಗೆ ಮುರಿಯುತ್ತದೆ. ಐದು ಮೀಟರ್ ದಪ್ಪದ್ದು 28 ಮೀಟರ್ ತನಕ ನಿಲ್ಲುತ್ತದೆ. ನಡುವೆ ಒಂದೂ ಸಡಿಲ ಪದರವಿಲ್ಲದೆ ಏಕಾಂಡವಾಗಿ 20 ಮೀಟರ್ ದಪ್ಪವಿರುವ ಮರಳುಗಲ್ಲು, ಅದೇ ಬಲದ ಕಲ್ಲಾಗಿದ್ದರೂ, 56 ಮೀಟರ್ ತನಕ ಅಲುಗಾಡದೆ ನಿಲ್ಲುತ್ತದೆ!

ಪದರದ ದಪ್ಪಕ್ಕೆ ಮೂವತ್ತು ಅಂಕ, ಬಲಕ್ಕೆ ಹದಿನೈದು ಎಂಬ ಗಣಿತದ ಗುಟ್ಟು ಇಲ್ಲಿ ಬಯಲಾಗುತ್ತದೆ. ಈ ಲೆಕ್ಕ ಆದರ್ಶದ ಲೆಕ್ಕವೆಂಬುದನ್ನು ಮರೆಯಲಾಗದು. ಸೀಳುಗಳಿದ್ದರೆ ಹರವು ತಗ್ಗುತ್ತದೆ. ನಾಲ್ಕು ಕಡೆಯೂ ಆಧಾರವಿದ್ದರೆ ಏರುತ್ತದೆ. ಭಾರತದ ಗಣಿಗಳಲ್ಲಿ ಸಾವಿರಾರು ಚದರ ಮೀಟರುಗಳ ಗೋಫಿನ ಮೇಲೆ ಮರಳುಗಲ್ಲಿನ ಸೂರು ಒಂದು ತುಂಡೂ ಬೀಳದೆ ನೇತಾಡಿದ ಸಂದರ್ಭಗಳು ಅಪರೂಪವಲ್ಲ.

ನೇತಾಡುವ ಸೂರಿನ ತೂಕ ಎಲ್ಲಿಗೆ ಹೋಗಬೇಕು? ಕೆಳಗೆ ಆಧಾರವಿಲ್ಲ, ಆದುದರಿಂದ ಅಂಚಿನಲ್ಲಿ ಇನ್ನೂ ಉಳಿದಿರುವ ಕಂಬಗಳ ಮೇಲೆ ಅದು ಬೀಳುತ್ತದೆ. ಕೂಲಿಕಾರರು ಕೆಲಸ ಮಾಡುತ್ತಿರುವುದು ಆ ಕಂಬಗಳಲ್ಲಿಯೇ. ಕಂಬದ ಪಕ್ಕಗಳು ಸಿಪ್ಪೆಸಿಪ್ಪೆಯಾಗಿ ಸಿಡಿಯುತ್ತವೆ, ನೆಲ ಉಬ್ಬುತ್ತದೆ, ಆನಿಕೆಗೆ ಕೊಟ್ಟ ಮರದ ಕಂಬಗಳು ಕಿರುಗುಟ್ಟುತ್ತವೆ. ಕಬ್ಬಿಣ ಬಂದ ಮೇಲೂ ಹಳಬರು ಮರದ ಆನಿಕೆಯನ್ನೇ ಮೆಚ್ಚುತ್ತಿದ್ದುದಕ್ಕೆ ಇದು ಕಾರಣ. ಮರ ಮುರಿಯುವ ಮುನ್ನ ಕೂಗಿ ಹೇಳುತ್ತದೆ.

ಕಡೆಗೊಮ್ಮೆ ಸೂರು ಬೀಳುತ್ತದೆ. ಹತ್ತಿಪ್ಪತ್ತು ಚದರ ಮೀಟರಿನ ಚೂರಲ್ಲ, ಇಡೀ ಚಪ್ಪಡಿ. 55 ಮೀಟರ್ ಅಗಲ, 100 ಮೀಟರ್ ಉದ್ದ, 20 ಮೀಟರ್ ದಪ್ಪದ ಚಪ್ಪಡಿಯ ತೂಕ ಎರಡು ಮುಕ್ಕಾಲು ಲಕ್ಷ ಟನ್. ಆದರೆ ಪ್ರಾಣಕ್ಕೆ ಅಪಾಯ ಕಲ್ಲಿನಿಂದ ಮಾತ್ರವೇ ಅಲ್ಲ, ಏಕೆಂದರೆ ಗೋಫಿನೊಳಗೆ ಯಾರೂ ಇರುವುದಿಲ್ಲ. ಅಪಾಯ ಗಾಳಿಯಿಂದ. ಆ ಮೂರು ಮೀಟರ್ ಎತ್ತರದ ಗೂಡಿನಲ್ಲಿ 16,500 ಘನಮೀಟರ್ ಗಾಳಿ ಇದೆ. ಮೂರು ಮೀಟರ್ ಬೀಳಲು ಚಪ್ಪಡಿಗೆ ಬೇಕಾದ ಕಾಲ ಒಂದು ಸೆಕೆಂಡೂ ಅಲ್ಲ. ಹೊರಹೋಗಲು ಇರುವ ದಾರಿ ಕೆಲವೇ ಸುರಂಗಗಳು. ಐದು ಎಂದುಕೊಂಡರೂ ಒಟ್ಟು 72 ಚದರ ಮೀಟರ್. ಆ ಗಾಳಿಯೆಲ್ಲ ಒಂದೇ ಏಟಿಗೆ ಹೊರಡಬೇಕಾದರೆ ಶಬ್ದದ ವೇಗವನ್ನು ಸಮೀಪಿಸಬೇಕಾಗುತ್ತದೆ. ವಾಸ್ತವದಲ್ಲಿ ಕೆಳಗೆ ಸಿಕ್ಕಿದ ಗಾಳಿಯೇ ಚಪ್ಪಡಿಯನ್ನು ತಡೆಯುತ್ತದೆ, ಸ್ವಲ್ಪ ಗಾಳಿ ಬಿರುಕುಗಳಲ್ಲಿ ಮೇಲಕ್ಕೂ ನುಸುಳುತ್ತದೆ. ಲೆಕ್ಕದ ಐದನೆಯ ಒಂದು ಪಾಲು ವೇಗವನ್ನೇ ಹಿಡಿದರೂ ಗಂಟೆಗೆ 200 ಕಿಲೋಮೀಟರಿಗೆ ಮೇಲಾಯಿತು. ಭೀಕರ ಚಂಡಮಾರುತದ ವೇಗವದು, ಕೊಳವೆಯಂತಹ ಸುರಂಗದಲ್ಲಿ. ಆಳುಗಳನ್ನು ಎತ್ತಿ ಗೋಡೆಗೆ ಅಪ್ಪಳಿಸಲು, ಗಾಳಿ ನಡೆಸುವ ಬಾಗಿಲುಗಳನ್ನು ಕಿತ್ತೆಸೆಯಲು, ಗೋಫಿನಲ್ಲಿ ಕೂಡಿದ್ದ ಉರಿಯುವ ಅನಿಲವನ್ನು ಜನರಿರುವ ಕಡೆಗೆ ತಳ್ಳಲು ಅದು ಸಾಕು.

ಮೊದಲ ಕುಸಿತವಾದ ಮೇಲೆ ಲೆಕ್ಕ ಬೇರೆಯಾಗುತ್ತದೆ. ಈಗ ತೊಲೆಗೆ ಒಂದೇ ಗೋಡೆ. ಇನ್ನೊಂದು ತುದಿ ಗೋಫಿನ ಮೇಲೆ ಚಾಚಿಕೊಂಡಿದೆ, ಬಾಲ್ಕನಿಯಂತೆ. ಇಂತಹ ಚಾಚುತೊಲೆ ಮೊದಲ ಹರವಿನ ಐದರಲ್ಲಿ ಎರಡು ಪಾಲಿಗೇ ಮುರಿಯುತ್ತದೆಂದು ಗಣಿತ ಹೇಳುತ್ತದೆ. ಐದು ಮೀಟರ್ ದಪ್ಪದ ಪದರ ಮೊದಲು 28 ಮೀಟರಿಗೆ ಬಿದ್ದರೆ ಆಮೇಲೆ ಹನ್ನೊಂದು ಹನ್ನೆರಡು ಮೀಟರಿಗೊಮ್ಮೆ ಬೀಳುತ್ತದೆ. ಗಣಿಗಳಲ್ಲಿ ಕಾಣುವುದೂ ಹೆಚ್ಚುಕಡಿಮೆ ಹೀಗೆಯೇ: ಮೊದಲನೆಯ ಕುಸಿತಕ್ಕಾಗಿ ದೀರ್ಘ ಕಾಯುವಿಕೆ, ತರುವಾಯ ಕ್ರಮಬದ್ಧವಾದ ಕುಸಿತಗಳು. ಆ ಮೊದಲನೆಯದನ್ನು ದಾಟುವ ತನಕ ಗಣಿಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಕಾಯುವ ಬದಲು ಬೀಳಿಸಬಾರದೇಕೆ? ಅದನ್ನೇ ಮಾಡುತ್ತಾರೆ. ಗಣಿಯೊಳಗಿನಿಂದ ಗೋಫಿನ ಸೂರಿನೊಳಕ್ಕೆ ಓರೆಯಾಗಿ ಉದ್ದನೆಯ ರಂಧ್ರಗಳನ್ನು ಕೊರೆದೋ, ಆಳ ಕಡಿಮೆಯಿದ್ದರೆ ನೆಲದ ಮೇಲಿನಿಂದಲೇ ಕೊರೆದೋ, ಸಿಡಿಮದ್ದು ತುಂಬಿ ಮರಳುಗಲ್ಲನ್ನು ಮುಂಚಿತವಾಗಿ ಬಿರಿಯಿಸುತ್ತಾರೆ. ದಪ್ಪ ತೊಲೆಯನ್ನು ತೆಳು ತೊಲೆಗಳಾಗಿ ಸೀಳಿದರೆ ಅವು ಬೇಗ ಬೀಳುತ್ತವಲ್ಲವೆ? ಆಸ್ಟ್ರೇಲಿಯದ ಮೂನಿ ಎಂಬ ಗಣಿಯಲ್ಲಿ ಸೂರು ನೇತಾಡಿ ಗಾಳಿಯ ಹೊಡೆತಗಳು ಪದೇ ಪದೇ ಉಂಟಾದಾಗ, 1990ರ ದಶಕದ ಕೊನೆಯಲ್ಲಿ, ಸಿಡಿಮದ್ದಿನ ಬದಲು ನೀರನ್ನು ಬಳಸಿದರು. ಸೂರಿನ ರಂಧ್ರಕ್ಕೆ ಮಹಾ ಒತ್ತಡದಲ್ಲಿ ನೀರನ್ನು ನುಗ್ಗಿಸಿದರೆ ಕಲ್ಲು ಪದರಕ್ಕೆ ಸಮಾನಾಂತರವಾಗಿ ಸೀಳಿಕೊಂಡು ಬಿತ್ತು. ಜನರನ್ನೆಲ್ಲ ಹೊರಗೆ ಕಳುಹಿಸಿ, ತಾವು ಹೇಳಿದ ಹೊತ್ತಿಗೆ ಸೂರನ್ನು ಬೀಳಿಸಬಹುದಾಯಿತು.

ಇನ್ನೊಂದು ದಾರಿ ಕಂಬಗಳೇ ಇಲ್ಲದ ಉದ್ದಗೋಡೆಯ ಪದ್ಧತಿ. ನೂರಿನ್ನೂರು ಮೀಟರ್ ಉದ್ದದ ಕಲ್ಲಿದ್ದಲ ಗೋಡೆಯನ್ನು ಯಂತ್ರ ಕೆರೆಯುತ್ತ ಹೋದಂತೆ, ನೀರಿನೊತ್ತಡದಿಂದ ನಿಲ್ಲುವ ಉಕ್ಕಿನ ಆನಿಕೆಗಳು ತಾವೇ ಹೆಜ್ಜೆಯಿಟ್ಟು ಮುಂದಕ್ಕೆ ಸರಿಯುತ್ತವೆ. ಹಿಂದೆ ಸೂರು ಬೀಳುತ್ತದೆ. ಭಾರತದಲ್ಲಿ ಇದು ಪೂರ್ಣ ಯಂತ್ರೀಕೃತವಾಗಿ ಮೊದಲಾದದ್ದು 1978ರಲ್ಲಿ ಝರಿಯಾದ ಮೂನಿಡಿಹ್ ಗಣಿಯಲ್ಲಿ. ಯೂರೋಪಿನ ಬೇಗ ಬೀಳುವ ಸೂರುಗಳಿಗೆ ಒಗ್ಗಿದ್ದ ಈ ಪದ್ಧತಿಗೆ ಗೊಂಡ್ವಾನದ ಮರಳುಗಲ್ಲು ಸುಲಭವಾಗಿ ಒಗ್ಗಲಿಲ್ಲ. ಬಾಲ್ಕನಿಯಂತೆ ಚಾಚಿದ ಚಪ್ಪಡಿಯ ಭಾರಕ್ಕೆ ಆನಿಕೆಗಳು ಹೂತುಹೋದ ಕಹಿ ಅನುಭವಗಳಿಂದ ಎಂಜಿನಿಯರುಗಳು ಆನಿಕೆಯ ಬಲವನ್ನು ಏರಿಸುತ್ತ ಬಂದರು. ಸಿಂಗರೇಣಿಯ ಅಡ್ರಿಯಾಲ ಗಣಿಯಲ್ಲಿ 2014ರಲ್ಲಿ ಹೂಡಿದ ಆನಿಕೆಗಳು ಒಂದೊಂದೂ 1152 ಟನ್ ತಡೆಯಬಲ್ಲವು.

ಸೂರು ಬಿಗಿಯಾಗಿದ್ದು ಕಂಬ ಸೋತರೆ ಏನಾಗುತ್ತದೆಂಬುದನ್ನು ದಕ್ಷಿಣ ಆಫ್ರಿಕ ಕಂಡಿತು. ಅಲ್ಲಿನ ಕೋಲ್‌ಬ್ರೂಕ್ ಗಣಿಯಲ್ಲಿ ಮೇಲಣ ಸ್ತರಗಳು ಮರಳುಗಲ್ಲು ಮತ್ತು ಡಾಲರೈಟ್ ಎಂಬ ಕರಿಯ ಗಡಸು ಶಿಲೆ. ಗಟ್ಟಿ ಸೂರು ಬಹುಕಾಲ ದೋಷವನ್ನು ಮುಚ್ಚಿಟ್ಟಿತು. 1960ರ ಜನವರಿ 21ರಂದು ಒಂದು ಕಂಬ ಸೋತು ಅದರ ಭಾರ ನೆರೆಯ ಕಂಬಕ್ಕೆ, ಆ ಕಂಬದಿಂದ ಮುಂದಿನದಕ್ಕೆ, ಹೀಗೆ ನೂರಾರು ಕಂಬಗಳು ಸರಣಿಯಾಗಿ ಕುಸಿದು 435 ಮಂದಿ ಸತ್ತರು. ಅವರ ಶವಗಳೂ ದೊರೆಯಲಿಲ್ಲ. ಆ ತನಕ ಕಂಬದ ಗಾತ್ರವನ್ನು ರೂಢಿಯಿಂದ ನಿರ್ಣಯಿಸುತ್ತಿದ್ದರು. ದುರಂತದ ತರುವಾಯ ಸಾಲಮನ್ ಮತ್ತು ಮನ್ರೊ ಎಂಬವರು ನಿಂತ 98, ಬಿದ್ದ 27 ಗಣಿಭಾಗಗಳ ಅಳತೆಗಳನ್ನು ಹೋಲಿಸಿ 1967ರಲ್ಲಿ ಕಂಬದ ಬಲಕ್ಕೆ ಸೂತ್ರವೊಂದನ್ನು ಕೊಟ್ಟರು. ಅದು ಪ್ರಯೋಗಶಾಲೆಯ ಸೂತ್ರವಲ್ಲ, ಬಿದ್ದ ಗಣಿಗಳಿಂದಲೇ ಬರೆಸಿಕೊಂಡದ್ದು.

ಮರಳುಗಲ್ಲಿನ ಗಡಸುತನದಿಂದ ಬೇರೆ ಬಗೆಯ ಅಪಾಯಗಳೂ ಇವೆ. ಬೆಣಚು ಸಾಧಾರಣ ಉಕ್ಕಿಗಿಂತ ಗಡಸು. ಕಲ್ಲಿದ್ದಲನ್ನು ಕೆರೆಯುವ ಯಂತ್ರದ ಹಲ್ಲು ಸೂರಿನ ಮರಳುಗಲ್ಲಿಗೆ ತಾಗಿದರೆ ಹಲ್ಲು ಸವೆಯುತ್ತದೆ, ಉಜ್ಜಿದ ಜಾಗ ಕೆಂಪಗೆ ಕಾಯುತ್ತದೆ. ಅಲ್ಲಿ ಮೀಥೇನ್ ಅನಿಲವಿದ್ದರೆ ಹೊತ್ತಿಕೊಳ್ಳಲು ಅಷ್ಟೇ ಸಾಕು. ಅಮೆರಿಕದ ಪಶ್ಚಿಮ ವರ್ಜಿನಿಯದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 2010ರ ಏಪ್ರಿಲ್ 5ರಂದು 29 ಮಂದಿಯನ್ನು ಕೊಂದ ಸ್ಫೋಟಕ್ಕೆ, ಸವೆದ ಹಲ್ಲುಗಳು ಮರಳುಗಲ್ಲನ್ನು ಉಜ್ಜಿದ್ದೂ ಅದರ ಮೇಲೆ ಚಿಮ್ಮಬೇಕಾಗಿದ್ದ ನೀರು ಸರಿಯಾಗಿ ಚಿಮ್ಮದಿದ್ದುದೂ ಮೂಲವೆಂದು ತನಿಖೆ ನಡೆಸಿದ ಸರ್ಕಾರಿ ಅಧಿಕಾರಿಗಳು ನಿರ್ಣಯಿಸಿದರು. ಇನ್ನು ಬೆಣಚಿನ ಧೂಳು. ಅದು ಶ್ವಾಸಕೋಶವನ್ನು ಹೊಕ್ಕರೆ ಮರಳಿ ಬರುವುದಿಲ್ಲ. ಕಲ್ಲಿದ್ದಲಿನ ಧೂಳಿಗಿಂತ ಅದು ಎಷ್ಟೋ ಕ್ರೂರ. ಬೆಣಚಿನ ಎಳೆಗಳಲ್ಲಿ ಚಿನ್ನವನ್ನು ಅಗೆದ ನಮ್ಮ ಕೋಲಾರದ ಗಣಿಗಳಲ್ಲಿ ಸಿಲಿಕೋಸಿಸ್ ಎಂಬ ಈ ರೋಗ ಎಷ್ಟು ಸಂಸಾರಗಳನ್ನು ನೀಗಿಸಿತೆಂಬುದು ಅಲ್ಲಿಯ ಹಳಬರಿಗೆ ಗೊತ್ತು.

ಕೋಲಾರದ ಹೆಸರು ಬಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿನ ಕಲ್ಲು ಮರಳುಗಲ್ಲಲ್ಲ, ಆಳವೂ ಕಲ್ಲಿದ್ದಲ ಗಣಿಗಳಿಗಿಂತ ಬಹಳ ಹೆಚ್ಚು. ಮೂರು ಕಿಲೋಮೀಟರಿನಷ್ಟು ಕೆಳಗೆ ಕಲ್ಲು ಫಿರಂಗಿಯಂತೆ ಸಿಡಿಯುತ್ತಿತ್ತು. ಆ ಸಿಡಿತಗಳನ್ನು ಅಳೆಯಲು ಕಲಿತ ವಿದ್ಯೆ ಬೆಳೆದು, 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೇ ಸ್ಥಾಪಿತವಾಯಿತು. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು, ವಿದ್ಯೆ ಉಳಿಯಿತು. ಕಲ್ಲು ಬಿರಿಯುವಾಗ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಕಂಪನಗಳು ಹೊರಡುತ್ತವೆ. ಸೂರಿನೊಳಗೆ ಕೊರೆದ ರಂಧ್ರಗಳಲ್ಲಿ ಭೂಕಂಪ ಮಾಪಕಗಳಂತಹ ಉಪಕರಣಗಳನ್ನು ಹೂತಿಟ್ಟರೆ, ಒಂದೇ ಬಿರುಕಿನ ಸದ್ದು ಬೇರೆ ಬೇರೆ ಉಪಕರಣಗಳಿಗೆ ತಲುಪುವ ಕಾಲದ ವ್ಯತ್ಯಾಸದಿಂದ ಬಿರುಕು ಎಲ್ಲಿ ಹರಿಯುತ್ತಿದೆಯೆಂದು ಗುರುತಿಸಬಹುದು. ಮರಳುಗಲ್ಲಿನ ಚಪ್ಪಡಿ ಬೀಳುವ ಮುನ್ನ ಈ ಸದ್ದುಗಳು ದಟ್ಟವಾಗುತ್ತವೆ. ಜನರನ್ನು ಹೊರಗೆ ಕರೆಸಲು ಸಿಗುವ ವೇಳೆ ಕೆಲವೊಮ್ಮೆ ಗಂಟೆಗಳು, ಕೆಲವೊಮ್ಮೆ ನಿಮಿಷಗಳು. ಮೊದಲ ಕುಸಿತದ ನಿರೀಕ್ಷೆಯಲ್ಲಿರುವ ಗಣಿಯಲ್ಲಿ ಈ ಉಪಕರಣಗಳ ಮುಂದೆ ಹಗಲಿರುಳೂ ಒಬ್ಬರು ಕುಳಿತಿರುತ್ತಾರೆ.